ಹಳೇ ಫಾರ್ಮಿಗೆ ಹೊಸ ತಾರೀಖು

ನಮ್ಮ ಪಕ್ಕದ ಬೇಕರಿಯ ಅಣ್ಣನ ಕಾಲಲ್ಲಿ ಚಕ್ರ ಇದೆ. ವರ್ಷಕ್ಕೆ ನಾಲ್ಕು ಸಲ ಒಲೆ ಆರಿಸಿ, ಬಾಗಿಲಿಗೆ ರಜೆಯ ಚೀಟಿ ಅಂಟಿಸಿ, ಅತ್ತಿಗೆಯನ್ನು ಕರೆದುಕೊಂಡು ಹೊರದೇಶಕ್ಕೆ ಹೊರಟುಬಿಡುತ್ತಾನೆ. ಉಳಿದ ದಿನವೆಲ್ಲ ಹಿಟ್ಟು ನಾದುವ ಮನುಷ್ಯ, ಸುತ್ತಾಡಲಿ ಬಿಡಿ. ನನ್ನದು ಜೆರಾಕ್ಸ್ ಅಂಗಡಿ. ಅವನ ಟಿಕೆಟ್ಟು, ಪ್ರಯಾಣ ವಿಮೆ ಎಲ್ಲ ನನ್ನ ಕಂಪ್ಯೂಟರಿನಿಂದಲೇ ಹೋಗುವುದು.

"ಹಳೇ ಫಾರ್ಮ್ ಇದೆಯಲ್ಲ, ತಾರೀಖು ಬದಲಾಯಿಸಿ ಕಳಿಸಿಬಿಡು" ಎನ್ನುತ್ತಿದ್ದ. ನಾನೂ ಹಾಗೇ ಮಾಡುತ್ತಿದ್ದೆ. ಈ ನಡುವೆ ಅವನ ಹೃದಯಕ್ಕೆ ಸ್ಟೆಂಟ್ ಹಾಕಿದರು. ಆಮೇಲೂ ಒಂದು ಪ್ರವಾಸ ಆಯಿತು. ಫಾರ್ಮಿನಲ್ಲಿ ಮಾತ್ರ "ಕಾಯಿಲೆ ಇದೆಯೇ?" ಎಂಬ ಪ್ರಶ್ನೆಯ ಮುಂದೆ "ಇಲ್ಲ" ಎಂದೇ ಇತ್ತು. ಓದುಬರಹ ಬಲ್ಲ ನನಗಾದರೂ ಹೊಳೆಯಬೇಕಿತ್ತು.

ಮೊನ್ನೆ ಮತ್ತೆ ಬಂದ. ಜೊತೆಗೆ ಅತ್ತಿಗೆ ಮತ್ತು ಅವನ ತಂಗಿ ಇದ್ದರು. ತಂಗಿ ದೊಡ್ಡಾಸ್ಪತ್ರೆಯಲ್ಲಿ ನರ್ಸ್. ಆಗಷ್ಟೇ ಪಾಳಿ ಮುಗಿಸಿ ಬಂದವಳು, ಕೂತು ಸುಧಾರಿಸಿಕೊಳ್ಳಬಾರದೇ? ನಾನು ತಾರೀಖು ತಿದ್ದಿ ಪ್ರಿಂಟ್ ತೆಗೆದಿದ್ದ ಫಾರ್ಮ್ ಕೈಗೆತ್ತಿಕೊಂಡು ಮೊದಲ ಸಾಲಿನಿಂದ ಓದತೊಡಗಿದಳು.

"ಅಣ್ಣ, ಇಲ್ಲಿ ಕಾಯಿಲೆ ಇಲ್ಲ ಅಂತ ಇದೆಯಲ್ಲ?"

"ಈಗೆಲ್ಲಿದೆ? ಸ್ಟೆಂಟ್ ಹಾಕಿದ್ರು, ಸರಿಹೋಯ್ತು. ಮಾತ್ರೆ ತಗೋತೀನಿ, ಬಿಪಿನೂ ಸರಿಯಾಗಿದೆ."

"ಮಾತ್ರೆ ಯಾಕೆ ತಗೋತೀಯ ಮತ್ತೆ? ಬಾಯಿ ರುಚಿಗಾ?"

ನಾನು ನಕ್ಕೆ. ಅವಳು ನನ್ನತ್ತ ತಿರುಗಿ, "ನೀವು ನಗ್ಬೇಡಿ, ತಾರೀಖು ತಿದ್ದಿದ್ದು ನೀವೇ ತಾನೆ?" ಎಂದಳು. ನನ್ನ ಮುಖ ಇಂಗು ತಿಂದ ಮಂಗನ ಹಾಗಾಯಿತು.

"ದೂರದ ಊರಲ್ಲಿ ಎದೆನೋವು ಬಂತು ಅಂತಿಟ್ಕೋ..." ಎಂದು ಅಣ್ಣನಿಗೆ ಶುರುಮಾಡಿದಳು.

"ಬಿಡ್ತು ಅನ್ನು."

"ಬಿಡ್ತು. ಈಗ ಕೇಳು. ಆಸ್ಪತ್ರೆಯವರು ವಿಮೆ ಕಂಪನಿಗೆ ಫೋನ್ ಮಾಡ್ತಾರೆ. ಕಂಪನಿಯವರು ನಿನ್ನ ಹಳೇ ದಾಖಲೆ ಕೇಳ್ತಾರೆ. ಸ್ಟೆಂಟ್ ವಿಷಯ ಮುಚ್ಚಿಟ್ಟಿದ್ದೀಯ ಅಂತ ಗೊತ್ತಾದ್ರೆ ಕೈ ಎತ್ತಿಬಿಡಬಹುದು."

"ನಿಜ ಬರೆದ್ರೆ ವಿಮೆನೇ ಕೊಡಲ್ಲ ಅಂದ್ರೆ?"

"ಒಬ್ಬರು ಕೊಡಲ್ಲ ಅಂದ್ರೆ ಇನ್ನೊಬ್ಬರನ್ನ ಕೇಳೋಣ. ಡಾಕ್ಟರ್ ಚೀಟಿ ಕೇಳ್ತಾರೆ, ಸ್ವಲ್ಪ ಜಾಸ್ತಿ ಕಟ್ಟು ಅಂತಾರೆ. ಆದ್ರೆ ಕಾಯಿಲೆ ಹೇಳಿದ ಮಾತ್ರಕ್ಕೆ ಮುಗೀಲಿಲ್ಲ. ಹೃದಯದ ತೊಂದರೆಗೂ ವಿಮೆ ಅನ್ವಯಿಸುತ್ತಾ ಅಂತ ಬರವಣಿಗೆಯಲ್ಲೇ ಕೇಳಿ ತಗೋಬೇಕು."

ಆ ಹುಡುಗಿಯ ತಾಳ್ಮೆಗೆ ಕೈ ಮುಗಿಯಬೇಕು. ಅವನು ಗೊಣಗಿದಷ್ಟೂ ಇವಳು ಸಮಾಧಾನವಾಗಿ ಬಿಡಿಸಿ ಹೇಳಿದಳು. ವರ್ಷಕ್ಕೆ ನಾಲ್ಕು ಸಲ ಹೋಗುವವನು ನಾಲ್ಕು ಸಲ ವಿಮೆ ಮಾಡಿಸುವ ಬದಲು ವರ್ಷಪೂರ್ತಿಯ ಒಂದೇ ವಿಮೆ ನೋಡಬಹುದಂತೆ. ಆದರೆ ಅದರಲ್ಲೂ ಒಂದೊಂದು ಪ್ರವಾಸಕ್ಕೆ ಇಷ್ಟೇ ದಿನ ಎಂಬ ಮಿತಿ ಇರುತ್ತದೆ. ನಡುವೆ ಹೊಸ ಕಾಯಿಲೆ ಬಂದರೆ ಕಂಪನಿಗೆ ತಿಳಿಸಬೇಕು. ಯಾವ ದೇಶ, ಎಷ್ಟು ವಯಸ್ಸಿನವರೆಗೆ ಎಂಬುದನ್ನೂ ನೋಡಬೇಕು.

"ಸಮುದ್ರದೊಳಗೆ ಮುಳುಗೋ ಆಟಕ್ಕೆ ಬೇರೆ ನಿಯಮ ಇರುತ್ತೆ" ಎಂದಳು.

"ನಾನೇನು ಮೀನಾ ಮುಳುಗೋಕೆ?"

"ಹೋದ ವರ್ಷದ ಫೋಟೋ ನಾನೂ ನೋಡಿದೀನಿ, ಅಣ್ಣ."

ಅವನು ಮಾತು ತೇಲಿಸಿದ. "ಇಷ್ಟು ಸಲ ಹೋಗಿ ಬಂದಿಲ್ವಾ? ಏನಾಯ್ತು ನಂಗೆ? ಗುಂಡುಕಲ್ಲಿನ ಹಾಗಿದೀನಿ. ಹಳೇದನ್ನೇ ಕಳಿಸು."

ಅಲ್ಲಿಯವರೆಗೆ ಸುಮ್ಮನೆ ಕುಳಿತಿದ್ದ ಅತ್ತಿಗೆ ಆಗ ಬಾಯಿ ಬಿಟ್ಟರು. ಅವರು ದನಿ ಏರಿಸುವವರೇ ಅಲ್ಲ.

"ಏನಾಯ್ತು ಅಂತ ನನ್ನ ಕೇಳಿ. ಸ್ಟೆಂಟ್ ಆದ್ಮೇಲೆ ಹೋದ್ವಲ್ಲ, ಅಷ್ಟು ದಿನವೂ ನಿಮ್ಮ ಉಸಿರು ನೋಡ್ಕೊಂಡೇ ನಿಮ್ಮ ಹಿಂದೆ ನಡೆದೆ. ಒಂದೊಂದು ಮೆಟ್ಟಿಲಿಗೂ ನನ್ನ ಜೀವ ಬಾಯಿಗೆ ಬರ್ತಿತ್ತು. ನೀವು ಬಿದ್ರೆ ಆ ಜನರ ಹತ್ರ ಯಾವ ಭಾಷೆಲಿ ಹೇಳಲಿ? ಯಾರಿಗೆ ಫೋನ್ ಮಾಡಲಿ? ನೀವು ಅಷ್ಟು ಹೊಗಳ್ತೀರಲ್ಲ ಆ ಸಮುದ್ರನ, ನಾನು ಅದನ್ನ ನೋಡ್ಲೇ ಇಲ್ಲ."

ಅಣ್ಣ ಅತ್ತಿಗೆಯ ಮುಖ ನೋಡಿದ. ಆಮೇಲೆ, "ಹೊಸ ಫಾರ್ಮ್ ಕೊಡು" ಎಂದು ನನ್ನ ಮುಂದೆ ಕೈ ಚಾಚಿದ.

ನಾನು ತುಂಬಿಕೊಡುತ್ತೇನೆ ಎಂದರೂ ಪೆನ್ನು ಬಿಡಲಿಲ್ಲ. ಸ್ಟೆಂಟ್ ಹಾಕಿದ ದಿನದಿಂದ ಮನೆಯಲ್ಲಿ ಒಬ್ಬರಿಗೂ ಕಾಯಿಲೆ ಎಂಬ ಶಬ್ದ ಎತ್ತಲು ಬಿಡದ ಮನುಷ್ಯ, "ಹೃದಯದ ಕಾಯಿಲೆ ಇದೆ" ಎಂದು ಗುಂಡಗೆ, ಸ್ಪಷ್ಟವಾಗಿ ಬರೆದ. ಬರೆದದ್ದನ್ನು ಅತ್ತಿಗೆಯ ಕಡೆ ತಿರುಗಿಸಿ ತೋರಿಸಿದ. ಅವನ ಮೇಲೆ ನನಗೆ ಅಷ್ಟು ಗೌರವ ಹಿಂದೆಂದೂ ಹುಟ್ಟಿರಲಿಲ್ಲ.

ಓದುತ್ತಿರುವ ಅಕ್ಕ, ಅಣ್ಣಂದಿರೇ, ಮೇಲಿಂದ ಮೇಲೆ ಪ್ರವಾಸ ಹೋಗುವವರು ನೀವಾದರೆ ಪ್ರತಿ ಸಲವೂ ಫಾರ್ಮನ್ನು ಹೊಸದಾಗಿ ಓದಿ. ಬೇರೆಯವರು ತುಂಬಿದ್ದಕ್ಕೆ ಕಣ್ಣು ಮುಚ್ಚಿ ಸಹಿ ಹಾಕಬೇಡಿ. ಅಗ್ಗದ್ದು ಯಾವುದು ಎಂದು ಕೇಳುವ ಮೊದಲು ನಿಮಗಿರುವ ಕಾಯಿಲೆಗೆ ಅನ್ವಯಿಸುವುದು ಯಾವುದು ಎಂದು ಕೇಳಿ. ವಿಮೆ ಕಂಪನಿಯ ತುರ್ತು ಫೋನ್ ನಂಬರನ್ನು ನಿಮ್ಮ ಜೇಬಿನಲ್ಲಷ್ಟೇ ಇಟ್ಟುಕೊಳ್ಳದೆ ಜೊತೆಗೆ ಬರುವವರ ಕೈಗೂ ಕೊಡಿ. ನಿಮಗೆ ಮಾತಾಡಲು ಆಗದಿದ್ದಾಗ ಆ ಫೋನ್ ಮಾಡಬೇಕಾದವರು ಅವರೇ.