ಇಪ್ಪತ್ತೊಂದನೆಯ ವಚನ

ಆ ಪ್ರೆಸ್ಸಿನಲ್ಲಿ ಕರಡು ತಿದ್ದುವುದಕ್ಕೆ ಇಬ್ಬರು ಬೇಕೇ ಬೇಕು ಎಂಬುದು ಯಜಮಾನರ ಅಪ್ಪನ ಕಾಲದ ಕಟ್ಟುನಿಟ್ಟು. ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಅಲ್ಪವಿರಾಮ ಪೂರ್ಣವಿರಾಮಗಳನ್ನೂ ಬಾಯಿಬಿಟ್ಟು ಹೇಳಬೇಕು. ಇನ್ನೊಬ್ಬರು ಕೆಂಪು ಪೆನ್ಸಿಲು ಹಿಡಿದು ಕರಡಿನ ಮೇಲೆ ಕಣ್ಣು ನೆಟ್ಟಿರಬೇಕು. ಕಂಪ್ಯೂಟರು ತಿದ್ದುತ್ತೆ ಬಿಡಿ ಎಂದು ಬೇರೆ ಪ್ರೆಸ್ಸುಗಳವರು ಈ ಪದ್ಧತಿಗೆ ಎಳ್ಳುನೀರು ಬಿಟ್ಟು ಎಷ್ಟೋ ಕಾಲವಾಗಿತ್ತು. ಇಲ್ಲಿ ಮಾತ್ರ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ, ಒಂದೇ ಮೇಜಿನ ಎರಡು ಬದಿಗೆ, ಹದಿನಾಲ್ಕು ವರ್ಷಗಳಿಂದ ಟೀಚರಮ್ಮನೂ ಹಾಫಿಜರೂ ಕೂತಿದ್ದರು.

ಟೀಚರಮ್ಮ ಸ್ಕೂಲಿನಿಂದ ನಿವೃತ್ತರಾದ ಮಾರನೆಯ ವಾರವೇ ಕೆಂಪು ಪೆನ್ಸಿಲು ಬಿಟ್ಟಿರಲಾರದೆ ಇಲ್ಲಿ ಸೇರಿಕೊಂಡವರು. ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು, ಪ್ರಸಂಗದಲ್ಲಿ ಪಾದ್ರಿಗಳು ವಚನದ ಸಂಖ್ಯೆ ತಪ್ಪಿ ಹೇಳಿದರೆ ಕೆಮ್ಮುವವರು. ಹಾಫಿಜರು ಹನ್ನೊಂದನೆಯ ವಯಸ್ಸಿಗೇ ಕುರಾನನ್ನು ಪೂರ್ತಿ ಬಾಯಿಪಾಠ ಮಾಡಿದ್ದರಿಂದ ಆ ಹೆಸರು. ಅವರ ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಎಲ್ಲೂ ಬಳಕೆಯಲ್ಲಿರಲಿಲ್ಲ. ಏನನ್ನೇ ಓದಲಿ, ಪರೀಕ್ಷೆಯ ಪ್ರಶ್ನೆಪತ್ರಿಕೆಯಾಗಲಿ ಔಷಧಿ ಕಂಪನಿಯ ಪಟ್ಟಿಯಾಗಲಿ, ಒಂದೇ ಗಾಂಭೀರ್ಯ. ಅವರ ಬಾಯಲ್ಲಿ ಕೆಮ್ಮಿನ ಸಿರಪ್ಪಿನ ಹೆಸರೂ ಯಾವುದೋ ಪ್ರವಾದಿಯ ಹೆಸರಿನಂತೆ ಕೇಳಿಸುತ್ತಿತ್ತು.

ಎರಡು ವರ್ಷಗಳಿಂದ ಆ ಮೇಜಿನ ಮೇಲಿದ್ದದ್ದು ಬೈಬಲ್. ಚರ್ಚಿನ ಸಮಿತಿಯವರು ಹೊಸದಾಗಿ ಅನುವಾದ ಮಾಡಿಸಿದ್ದರು. ಆದಿಕಾಂಡದಿಂದ ಮಲಾಕಿಯವರೆಗೆ ಇಡೀ ಹಳೆಯ ಒಡಂಬಡಿಕೆಯನ್ನು ಗಟ್ಟಿಯಾಗಿ ಓದಿ ಮುಗಿಸಿದ್ದ ಹಾಫಿಜರಿಗೆ ಯಾರು ಯಾರನ್ನು ಪಡೆದರು ಎಂಬುದು ತಮ್ಮ ನೆಂಟರಿಷ್ಟರಷ್ಟೇ ಪರಿಚಯವಾಗಿಹೋಗಿತ್ತು.

ಇಬ್ಬರ ನಡುವೆ ಜಗಳವೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ದಿನಕ್ಕೊಂದು ಸಲ, ಟೀ ಬಂದ ಹೊತ್ತಿಗೆ, ಜಗಳ ಇದ್ದೇ ಇತ್ತು.

"ಈಸಾಗೆ, ಅಂದ್ರೆ ನಿಮ್ಮ ಯೇಸುಗೆ, ಇಂಜೀಲ್ ಅಂತ ಇಳಿದಿದ್ದು ಒಂದೇ ಪುಸ್ತಕ ಟೀಚರಮ್ಮ. ನಿಮ್ಮ ಹತ್ರ ನಾಲ್ಕು ಸುವಾರ್ತೆ ಇದೆ. ಅದೂ ಆಮೇಲೆ ಬೇರೆಯವರು ಬರೆದಿದ್ದು. ನಡುವೆ ಯಾರ್ಯಾರ ಕೈ ಸೇರಿತೋ ಏನೋ."

"ನಾಲ್ಕು ಜನ ಸಾಕ್ಷಿ ಹೇಳಿದ್ರೆ ಕೇಸು ಗಟ್ಟಿ ಆಗುತ್ತೋ ಸಡಿಲ ಆಗುತ್ತೋ?"

"ನಾಲ್ವರೂ ಒಂದೇ ಥರ ಹೇಳಿದ್ರೆ ಗಟ್ಟಿ."

"ಅಯ್ಯೋ, ಅಕ್ಷರ ಬಿಡದೆ ಒಂದೇ ಥರ ಹೇಳಿದ್ರೆ ಯಾರೋ ಹೇಳಿಕೊಟ್ಟಿದಾರೆ ಅಂತಾರೆ ಜಡ್ಜು. ನಮ್ಮ ದೇವರು ಮನುಷ್ಯರ ಕೈಯಲ್ಲಿ ಬರೆಸಿದ, ಅವರವರ ಮಾತಲ್ಲೇ. ಸಾವಿರಾರು ಪ್ರತಿ ಇದೆ, ಒಂದರ ತಪ್ಪನ್ನ ಇನ್ನೊಂದು ಹಿಡಿಯುತ್ತೆ. ನಿಮ್ಮಲ್ಲಿ ಮಿಕ್ಕ ಪ್ರತಿ ಎಲ್ಲ ಸುಟ್ಟು ಒಂದನ್ನೇ ಉಳಿಸಿಕೊಂಡ್ರಂತಲ್ಲ?"

"ಸುಟ್ಟಿದ್ದು ಕಾಗದ. ಪುಸ್ತಕ ಇಲ್ಲಿದೆ," ಎಂದು ಹಾಫಿಜರು ಎದೆ ಮುಟ್ಟಿಕೊಳ್ಳುತ್ತಿದ್ದರು. "ಈ ಪ್ರತಿಗೆ ಕರಡು ತಿದ್ದೋರು ಬೇಡ."

"ಎಲ್ಲಾರೂ ಹಾಗಿದ್ದಿದ್ರೆ ನಮ್ಮಿಬ್ಬರಿಗೂ ಕೆಲಸ ಇರ್ತಿರಲಿಲ್ಲ. ಟೀ ಆರ್ತಿದೆ, ಕುಡೀರಿ."

ಮತ್ತಾಯನ ಸುವಾರ್ತೆಯ ಹದಿನೇಳನೆಯ ಅಧ್ಯಾಯಕ್ಕೆ ಬಂದ ದಿನ ಹಾಫಿಜರ ದನಿ ಥಟ್ಟನೆ ನಿಂತಿತು. ಮೂರ್ಛೆಯಿಂದ ಬಿದ್ದು ಒದ್ದಾಡುವ ಮಗನನ್ನು ಅಪ್ಪನೊಬ್ಬ ಯೇಸುವಿನ ಬಳಿಗೆ ಕರೆತರುವ ಪ್ರಸಂಗ ಅದು.

"ಇಪ್ಪತ್ತು, ಪೂರ್ಣವಿರಾಮ. ಇಪ್ಪತ್ತೆರಡು... ಟೀಚರಮ್ಮ, ನಂಬರ್ ಹಾರಿದೆ. ಇಪ್ಪತ್ತೊಂದು ಇಲ್ಲ."

ಕರಡಿನಲ್ಲೂ ಇರಲಿಲ್ಲ, ಮೂಲಪ್ರತಿಯಲ್ಲೂ ಇರಲಿಲ್ಲ.

"ಗುರುತು ಹಾಕಿಡಿ. ಸಮಿತಿಯವರನ್ನ ಕೇಳೋಣ," ಎಂದರು ಹಾಫಿಜರು.

ಟೀಚರಮ್ಮ ಕೇಳಲಿಲ್ಲ. ಅವರ ಪೆನ್ಸಿಲು ಆಗಲೇ ಅಂಚಿನಲ್ಲಿ ಓಡುತ್ತಿತ್ತು. ಪ್ರಾರ್ಥನೆ ಮತ್ತು ಉಪವಾಸ ಇಲ್ಲದೆ ಆ ಜಾತಿಯ ದೆವ್ವ ತೊಲಗದು ಎನ್ನುವ ವಚನ ಅದು. ಟೀಚರಮ್ಮನ ತಮ್ಮನಿಗೆ ಚಿಕ್ಕಂದಿನಲ್ಲಿ ಮೂರ್ಛೆ ಬರುತ್ತಿತ್ತು. ಅವರ ಅಪ್ಪ ಆ ಒಂದು ಸಾಲನ್ನು ನೆಚ್ಚಿಕೊಂಡು ಒಂಬತ್ತು ವರ್ಷ ಪ್ರತಿ ಶುಕ್ರವಾರ ನೀರು ಬಿಟ್ಟು ಬೇರೇನೂ ಮುಟ್ಟಿರಲಿಲ್ಲ. ತಮ್ಮ ಉಳಿಯಲಿಲ್ಲ. ಆದರೂ ಅಪ್ಪ ಆ ಸಾಲನ್ನು ಬಿಡಲಿಲ್ಲ. ಅದನ್ನು ಬರೆಯಲು ಟೀಚರಮ್ಮನಿಗೆ ಪುಸ್ತಕ ತೆರೆಯಬೇಕಾಗಿರಲಿಲ್ಲ. ಮನೆಗೆ ಹೋಗಿ ಅಪ್ಪನ ಹಳೆಯ ಬೈಬಲಿನಲ್ಲಿ ನೋಡಿದರು, ಒಂದಕ್ಷರ ಹೆಚ್ಚುಕಡಿಮೆಯಾಗಿರಲಿಲ್ಲ.

"ಮೂಲಪ್ರತಿ ಟೈಪು ಮಾಡಿದೋನು ತೂಕಡಿಸಿದಾನೆ ಅಷ್ಟೇ," ಎಂದು ಮರುದಿನ ಹೇಳಿದರು. "ಇದನ್ನೂ ಕೇಳಬೇಕಾ?"

"ಪ್ರಾರ್ಥನೆ, ಉಪವಾಸ," ಎಂದು ಹಾಫಿಜರು ಮೆಲ್ಲಗೆ ನಕ್ಕರು. "ನಮಗೂ ನಿಮಗೂ ತಕರಾರಿಲ್ಲದ ಸಾಲು ಇಡೀ ಪುಸ್ತಕದಲ್ಲಿ ಅದೊಂದು. ಅದೇ ಬಿಟ್ಟುಹೋಗಬೇಕಾ!"

ಈ ಸಂಗತಿಯನ್ನು ಹಾಫಿಜರು ಮನೆಯಲ್ಲಿ ಊಟದ ಹೊತ್ತಿಗೆ ಬಾಯಿತಪ್ಪಿ ಆಡಿದ್ದೇ ತಡ, ಅವರ ಭಾವಮೈದುನ ಮರುದಿನ ಫೋನು ಹಿಡಿದು ಪ್ರೆಸ್ಸಿಗೇ ಬಂದ. ಬೈಬಲ್ ಬದಲಾಗಿದೆಯೇ ಎಂಬ ವಿಷಯದ ಮೇಲೆ ಸಭೆಗಳನ್ನು ನಡೆಸುವುದು ಅವನ ಹವ್ಯಾಸ. ಬೈಬಲನ್ನು ಓದುವುದು ಆ ಹವ್ಯಾಸದಲ್ಲಿ ಸೇರಿರಲಿಲ್ಲ.

"ಭಾವ, ಒಂದೇ ಒಂದು ಫೋಟೋ. ಇಪ್ಪತ್ತಾದ ಮೇಲೆ ಇಪ್ಪತ್ತೆರಡು! ಪರದೆ ಮೇಲೆ ಹಾಕಿದ್ರೆ ಸಭೆ ಎದ್ದು ನಿಲ್ಲುತ್ತೆ."

"ಈ ಮೇಜಿನ ಮೇಲಿನ ಕಾಗದ ಹೊರಗೆ ಹೋಗಲ್ಲ."

"ಸತ್ಯ ಮುಚ್ಚಿಡ್ತೀರಾ?"

"ಯಾಕೆ ಬಿಟ್ಟಿದಾರೆ ಅಂತ ನಿನಗೆ ಗೊತ್ತಾ? ಇಲ್ಲ. ನನಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಸತ್ಯ ಅನ್ನಬೇಡ. ನಡಿ, ನಮಗೆ ಕೆಲಸ ಇದೆ."

ಅವನು ಗೊಣಗುತ್ತ ಹೋದ. ಟೀಚರಮ್ಮ ತಲೆ ಎತ್ತದೆ ಪೆನ್ಸಿಲು ಕೆತ್ತುತ್ತಿದ್ದರು. ಆದರೆ ಒಂದು ಮಾತನ್ನೂ ಬಿಡದೆ ಕೇಳಿಸಿಕೊಂಡಿದ್ದರು.

ಟೀಚರಮ್ಮ ತಿದ್ದಿದ ಕರಡೇ ಸಮಿತಿಗೆ ಹೋಗಿ ಸಹಿಯಾಗಿ ಬಂತು. ಆ ಭಾಗ ಅಚ್ಚಾಗಿ ಹಾಳೆಗಳನ್ನು ಮಡಿಸಿಯೂ ಆಯಿತು. ಆಗ ಸಮಿತಿಯ ಕಾರ್ಯದರ್ಶಿ ಒಂದು ಹಾಳೆಯನ್ನು ಝಾಡಿಸುತ್ತ ಮೆಟ್ಟಿಲ ಕೆಳಗಿನ ಕೋಣೆಗೆ ನುಗ್ಗಿದ. ಅಡಿಟಿಪ್ಪಣಿಗಳನ್ನು ಬೇರೆಯವರು ಬೇರೆ ಕಡತದಲ್ಲಿ ತಯಾರಿಸಿ ಕೊನೆಗೆ ಜೋಡಿಸಿದ್ದರು. ಹಾಗಾಗಿ ಈಗ ಪುಟದ ನಡುವೆ ಇಪ್ಪತ್ತೊಂದನೆಯ ವಚನ ಲಕ್ಷಣವಾಗಿ ಕೂತಿತ್ತು. ಅದೇ ಪುಟದ ಅಡಿಯಲ್ಲಿ, ಅತ್ಯಂತ ಹಳೆಯ ಕೈಬರಹದ ಪ್ರತಿಗಳಲ್ಲಿ ಈ ಸಾಲು ಕಾಣದಿರುವುದರಿಂದ ಇಲ್ಲಿ ಕೈಬಿಟ್ಟಿದೆ ಎಂದು ಸಣ್ಣಕ್ಷರದಲ್ಲಿ ಟಿಪ್ಪಣಿಯೂ ಇತ್ತು.

"ಇದನ್ನ ಓದಿದ್ದು ಯಾರು?"

"ನಾನು," ಎಂದು ಹಾಫಿಜರು ಎದ್ದು ನಿಂತರು.

ಕಾರ್ಯದರ್ಶಿ ಅವರ ಗಡ್ಡವನ್ನು ನೋಡಿದ. ಅಲ್ಲಿಗೆ ತನಿಖೆ ಮುಗಿಯಿತು.

"ನಮ್ಮ ಪುಸ್ತಕ ಕೆಟ್ಟಿದೆ ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತೀರಿ. ಕೆಟ್ಟಿಲ್ಲ ಅಂತ ಗೊತ್ತಾಗಿ ನೀವೇ ಕೆಡಿಸೋಕೆ ಬಂದ್ರಾ?"

"ಲೋ," ಎಂದರು ಟೀಚರಮ್ಮ. ಕಾರ್ಯದರ್ಶಿ ಐದನೆಯ ತರಗತಿಯಲ್ಲಿ ಅವರ ವಿದ್ಯಾರ್ಥಿ. ಪಕ್ಕದವನ ಉತ್ತರಪತ್ರಿಕೆಯನ್ನು ನಕಲು ಮಾಡುವ ಭರದಲ್ಲಿ ಪಕ್ಕದವನ ಹೆಸರನ್ನೂ ನಕಲು ಮಾಡಿದ್ದವನು. "ಸೇರಿಸಿದ್ದು ನಾನು ಕಣೋ. ಕೇಳೋಣ ಅಂದಿದ್ದು ಅವರು."

"ನೀವು ಸುಮ್ನಿರಿ ಟೀಚರ್. ಅವರನ್ನ ಉಳಿಸೋಕೆ ಹೇಳ್ತಿದೀರಿ."

ಟೀಚರಮ್ಮ ಬೀರು ತೆರೆದರು. ತಿದ್ದಿದ ಕರಡುಗಳನ್ನು ಒಂದು ವರ್ಷ ಎಸೆಯಬಾರದೆಂಬುದೂ ಯಜಮಾನರ ಅಪ್ಪನ ಕಟ್ಟುನಿಟ್ಟೇ. ಹಾಳೆ ಎಳೆದು ಮೇಜಿನ ಮೇಲೆ ಹರಡಿದರು. ಅಂಚಿನಲ್ಲಿ ಅವರ ದುಂಡಗಿನ ಕೆಂಪು ಅಕ್ಷರ, ಕೆಳಗೆ ಅವರ ಸಹಿ. ಅದಕ್ಕೂ ಕೆಳಗೆ, 'ಓದಿ ಒಪ್ಪಿದ್ದೇನೆ, ಮುದ್ರಿಸಬಹುದು' ಎಂಬ ಮೊಹರಿನ ಮೇಲೆ, ಕಾರ್ಯದರ್ಶಿಯ ಸಹಿ.

"ಓದಿ ಒಪ್ಪಿದೀಯಲ್ಲಪ್ಪ. ಓದಿದ್ಯಾ?"

ಕಾರ್ಯದರ್ಶಿಯ ಮುಖ ಒಂದು ಕ್ಷಣ ಐದನೆಯ ತರಗತಿಗೆ ಹೋಗಿ ಬಂತು. ಆಮೇಲೆ ದನಿ ಇಳಿಸಿ ಹೇಳಿದ: "ಟೀಚರ್, ಈ ಹಾಳೆ ಬೀರುವಲ್ಲೇ ಇರಲಿ. ನಮ್ಮವರೇ ಸಾಲು ಸೇರಿಸಿದ್ರು, ನಮ್ಮವರೇ ಸಹಿ ಹಾಕಿದ್ರು ಅಂದ್ರೆ ಜನ ಏನಂತಾರೆ? ಇನ್ನೇನೇನು ಸೇರಿಸಿದೀರಿ ಅಂತ ಕೇಳ್ತಾರೆ. ಹೊರಗಿನವರ ಕೈ ಅಂದ್ರೆ ಮಾತು ಅಲ್ಲಿಗೇ ಮುಗಿಯುತ್ತೆ."

ಟೀಚರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ತಪ್ಪು ಹೊರಿಸಿದ್ದಕ್ಕಿಂತ, ತಪ್ಪು ಯಾರದೆಂದು ಕಣ್ಣಾರೆ ಕಂಡ ಮೇಲೂ ಹೊರಿಸುತ್ತಿದ್ದ ನೆಮ್ಮದಿ ಇತ್ತಲ್ಲ, ಅದಕ್ಕೆ.

ಸಂಜೆಯ ಹೊತ್ತಿಗೆ ಯಜಮಾನರು ಸಮಿತಿಗೆ ಕಳಿಸುವ ಕ್ಷಮಾಪಣೆಯ ಪತ್ರದ ಕರಡು ಹಿಡಿದು ಬಂದರು. ಅನ್ಯಮತದ ನೌಕರನೊಬ್ಬ ಪವಿತ್ರ ಗ್ರಂಥದಲ್ಲಿ ಕೈಯಾಡಿಸಿದ್ದಕ್ಕೆ ವಿಷಾದ, ಅವನನ್ನು ಆ ಕೆಲಸದಿಂದ ತೆಗೆದಿದೆ ಎಂದಿತ್ತು ಅದರಲ್ಲಿ. ಕೆಳಗೆ ಟೀಚರಮ್ಮನ ಸಹಿಗೂ ಜಾಗ ಬಿಟ್ಟಿದ್ದರು.

"ಹಾಫಿಜರನ್ನ ನಾನು ಮನೆಗೆ ಕಳಿಸ್ತೀನಾ ಅಮ್ಮ? ಬೈಂಡಿಂಗಿಗೆ ಹಾಕ್ತೀನಿ. ಇದು ಬರೀ ಒಂದು ಕಾಗದ."

"ನಾವು ಇಷ್ಟು ವರ್ಷ ತಿದ್ದಿದ್ದೂ ಬರೀ ಕಾಗದಾನೇ," ಎಂದರು ಟೀಚರಮ್ಮ. "ಇಟ್ಟು ಹೋಗಿ. ನಾಳೆ ಕೊಡ್ತೀನಿ."

ಹಾಫಿಜರು ಮೇಜಿನ ಆಚೆ ಕನ್ನಡಕ ಒರೆಸುತ್ತ ಕೂತಿದ್ದರು. ಒರೆಸಿದ ಗಾಜನ್ನೇ ಮತ್ತೆ ಮತ್ತೆ ಒರೆಸುತ್ತಿದ್ದರು.

"ಬೈಂಡಿಂಗ್ ಏನು ನರಕ ಅಲ್ಲ ಬಿಡಿ. ಆದ್ರೆ ಆ ಕಾಗದ ನಮ್ಮಿಬ್ಬರಿಗಿಂತ ಹೆಚ್ಚು ಕಾಲ ಇರುತ್ತೆ ಟೀಚರಮ್ಮ. ಹನ್ನೊಂದನೇ ವಯಸ್ಸಿಂದ ಒಂದು ಪುಸ್ತಕ ಹೊತ್ತುಕೊಂಡಿದೀನಿ, ಒಂದು ಉಸಿರು ಆಚೀಚೆ ಮಾಡಿಲ್ಲ. ದೇವರ ಮಾತು ಅಂತ ಇನ್ನೊಬ್ಬರು ನಂಬಿರೋ ಪುಸ್ತಕಕ್ಕೆ ನಾನು ಸಾಲು ಸೇರಿಸ್ತೀನಾ?"

ಟೀಚರಮ್ಮ ಮೊದಲ ದಿನವೇ ಮಾಡಬೇಕಿದ್ದ ಕೆಲಸವನ್ನು ಆಗ ಮಾಡಿದರು: ಅನುವಾದಕರಿಗೆ ಫೋನು ಹಚ್ಚಿದರು. ಹಳೆಯ ಪ್ರತಿಗಳ ಜೊತೆ ಹನ್ನೆರಡು ವರ್ಷ ಹೆಣಗಿದ್ದ ಆ ವೃದ್ಧರ ದನಿ ಶಾಂತವಾಗಿತ್ತು.

"ಅದನ್ನ ನಾವು ಕದ್ದಿಲ್ಲಮ್ಮ. ಮೊದಲಿಗೆ ಅದು ಅಲ್ಲಿ ಇರಲಿಲ್ಲ ಅನ್ಸುತ್ತೆ. ಮಾರ್ಕನ ಸುವಾರ್ತೆಯಲ್ಲಿ ಇಂಥದೇ ಮಾತಿದೆ. ಯಾರೋ ನಕಲುಗಾರ, ಅದು ಬಾಯಿಪಾಠ ಇದ್ದೋನು, ಇಲ್ಲಿ ಬಿಟ್ಟುಹೋಗಿದೆ ಅಂದುಕೊಂಡು ಅಂಚಲ್ಲಿ ಬರೆದಿರಬೇಕು. ಮುಂದಿನವನು ಒಳಗೆ ಸೇರಿಸಿಕೊಂಡ. ಕೆಟ್ಟ ಉದ್ದೇಶ ಏನಿಲ್ಲ, ಪ್ರೀತಿಯಿಂದಲೇ ಮಾಡಿರ್ತಾನೆ."

"ಇದನ್ನ ಚರ್ಚಲ್ಲಿ ನಮಗೆ ಯಾರೂ ಯಾಕೆ ಹೇಳಲಿಲ್ಲ?" ಟೀಚರಮ್ಮನ ದನಿ ಏರಿತ್ತು. "ನಮ್ಮಪ್ಪ ಒಂಬತ್ತು ವರ್ಷ ಉಪವಾಸ ಇದ್ದ ಸಾಲು ಅದು! ನಮಗೆ ಗೊತ್ತಾದ್ರೆ ನಂಬಿಕೆ ಮುರಿದುಬೀಳುತ್ತೆ ಅಂತ ನಿಮಗೆಲ್ಲ ಅಷ್ಟೊಂದು ಹೆದರಿಕೆನಾ?"

"ಟಿಪ್ಪಣಿ ಹಾಕಿದೀವಲ್ಲಮ್ಮ," ಎಂದರು ಅನುವಾದಕರು.

"ಸಣ್ಣಕ್ಷರದಲ್ಲಿ," ಎಂದು ಟೀಚರಮ್ಮ ಫೋನಿಟ್ಟರು. ಹೆಸರಿಲ್ಲದ ಆ ನಕಲುಗಾರನ ಕೈ ಹೇಗೆ ಓಡಿರಬಹುದೆಂದು ಅವರು ಊಹಿಸಬೇಕಾಗಿರಲಿಲ್ಲ. ತಮ್ಮ ಕೈಯಲ್ಲಿ ಕೆಂಪು ಪೆನ್ಸಿಲು ಇತ್ತು, ಅಷ್ಟೇ ವ್ಯತ್ಯಾಸ.

ಅನುವಾದಕರ ಮಾತನ್ನು ಹಾಫಿಜರಿಗೆ ಒಂದೂ ಬಿಡದೆ ಒಪ್ಪಿಸಿದರು. "ಹೇಳಿ ಈಗ, ನಿಮ್ಮವರು ಅಂದಿದ್ದೇ ಸರಿ ಆಯ್ತಲ್ಲ. ನಮ್ಮ ಕೈ ಸೇರಿದೆ."

ಹಾಫಿಜರು ಕನ್ನಡಕ ಹಾಕಿಕೊಂಡರು. "ನಮ್ಮಲ್ಲಿ ಕೆಲವರು ಹೇಳೋದು, ಕಿಡಿಗೇಡಿಗಳು ಬೇಕಂತಲೇ ಕೆಡಿಸಿದ್ರು ಅಂತ. ನೀವು ಆ ಸಾಲು ಬರೆಯೋವಾಗ ನಾನು ಎದುರಿಗೇ ಕೂತು ನೋಡಿದೆ. ಕೆಡಿಸಿದವರ ಕಣ್ಣಲ್ಲಿ ನೀರಿತ್ತು. ಆದ್ರೂ ಟೀಚರಮ್ಮ, ನಾನು ನಂಬೋದನ್ನ ನಾನು ಬದಲಾಯಿಸಲ್ಲ."

"ನಾನೂ ಇಲ್ಲ. ಹಿಡಿದುಕೊಟ್ಟಿದ್ದು ಹಳೇ ಪ್ರತಿನೇ ತಾನೆ? ಒಂದರ ತಪ್ಪನ್ನ ಇನ್ನೊಂದು ಹಿಡಿಯುತ್ತೆ ಅಂತ ನಾನು ಹೇಳಿರಲಿಲ್ವಾ?"

"ಹೇಳಿದ್ರಿ," ಎಂದು ಹಾಫಿಜರು ಒಪ್ಪಿಕೊಂಡರು. ಮೇಜಿನ ಮೇಲಿದ್ದ ಪತ್ರದ ಕಡೆ ನೋಡಿದರು.

ಮಾರನೆಯ ಬೆಳಿಗ್ಗೆ ಟೀಚರಮ್ಮ ಯಜಮಾನರ ಪತ್ರವನ್ನು ಕರಡಿನ ಹಾಗೆಯೇ ತಿದ್ದಿದರು. 'ಅನ್ಯಮತದ ನೌಕರನೊಬ್ಬ' ಎಂಬುದನ್ನು ಹೊಡೆದುಹಾಕಿ ಅಂಚಿನಲ್ಲಿ ತಮ್ಮ ಪೂರ್ತಿ ಹೆಸರು ಬರೆದರು, ಪಕ್ಕದಲ್ಲಿ ತಾವು ಯಾವ ಚರ್ಚಿನ ಸದಸ್ಯೆ ಎಂಬುದನ್ನೂ. 'ಅವನನ್ನು ಆ ಕೆಲಸದಿಂದ ತೆಗೆದಿದೆ' ಎಂಬುದನ್ನೂ ಹೊಡೆದು, 'ಹಾಫಿಜರು ಕೇಳೋಣ ಎಂದಿದ್ದರು, ನಾನು ಕೇಳಲಿಲ್ಲ' ಎಂದು ಸೇರಿಸಿದರು. ಕೊನೆಗೆ ಸಹಿ ಹಾಕಿ, ಹಳೆಯ ಕರಡು ಹಾಳೆಯ ನಕಲನ್ನು, ಕಾರ್ಯದರ್ಶಿಯ ಮೊಹರಿನ ಸಮೇತ ಲಗತ್ತಿಸಿ, ಯಜಮಾನರ ಮೇಜಿನ ಮೇಲಿಟ್ಟರು.

"ಇದು ಹೋದ್ರೆ ಬೈಬಲ್ ಕೆಲಸ ನಮ್ಮ ಕೈ ಬಿಡುತ್ತೆ ಅಮ್ಮ," ಎಂದರು ಯಜಮಾನರು.

"ಇದು ಹೋಗದಿದ್ರೆ ನಾನು ಬಿಡ್ತೀನಿ. ಸುಳ್ಳಿಗೆ ಕರಡು ತಿದ್ದೋ ಕೆಲಸ ನನಗೆ ಬರಲ್ಲ. ಬೇರೆಯವರ ಪುಸ್ತಕಕ್ಕೆ ಕೈ ಹಾಕಿದ ಅಂತ ಅವರ ಮೇಲೆ ಬರೆಯೋಕೆ ಹೊರಟಿದೀರಲ್ಲ, ಈಗ ಒಬ್ಬ ಮನುಷ್ಯನ ಹೆಸರಿಗೇ ಕೈ ಹಾಕ್ತಿದೀರಿ. ಅದಕ್ಕೆ ಯಾವ ಟಿಪ್ಪಣಿ ಹಾಕ್ತೀರಿ?"

ಯಜಮಾನರು ಗೋಡೆಯ ಮೇಲಿದ್ದ ತಮ್ಮ ಅಪ್ಪನ ಫೋಟೋ ನೋಡಿದರು. ಅಲ್ಲಿಂದಲೂ ಸಹಾಯವೇನೂ ಬರಲಿಲ್ಲ. ಪತ್ರ ಹೋಯಿತು.

ಬೈಬಲ್ ಕೈ ಬಿಟ್ಟಿತು. ಉಳಿದ ಭಾಗವನ್ನು ಸಮಿತಿಯವರು ತಮ್ಮವರಿಂದಲೇ ಓದಿಸಿಕೊಳ್ಳುವುದೆಂದು ತೀರ್ಮಾನಿಸಿದರು. ಭಾನುವಾರ ಕಾರ್ಯದರ್ಶಿ ಟೀಚರಮ್ಮನಿಗಿಂತ ಮೂರು ಬೆಂಚು ಹಿಂದೆ ಕೂತ. ಪಾದ್ರಿಗಳು ಅಂದು ವಚನದ ಸಂಖ್ಯೆ ಹೇಳುವಾಗ ಒಂದಕ್ಕೆರಡು ಸಲ ಪುಸ್ತಕ ನೋಡಿಕೊಂಡರು. ಹಾಫಿಜರ ಭಾವಮೈದುನ ಸಭೆ ನಡೆಸಿದ. ಫೋಟೋ ಇಲ್ಲದ್ದಕ್ಕೆ ಯಾರೂ ಎದ್ದು ನಿಲ್ಲಲಿಲ್ಲವಂತೆ.

ಮೆಟ್ಟಿಲ ಕೆಳಗಿನ ಮೇಜಿನ ಮೇಲೆ ಸೋಮವಾರ ಬಂದದ್ದು ನೀರೆತ್ತುವ ಪಂಪುಗಳ ಬಿಡಿಭಾಗಗಳ ಪಟ್ಟಿ. ಹಾಫಿಜರು ಗಂಟಲು ಸರಿಮಾಡಿಕೊಂಡು ಅದೇ ಗಾಂಭೀರ್ಯದಿಂದ ಶುರುಮಾಡಿದರು. ವಾಷರು, ಅಲ್ಪವಿರಾಮ. ವಾಲ್ವು, ಅಲ್ಪವಿರಾಮ. ಮೂರನೆಯ ಪುಟದಲ್ಲಿ ದನಿ ನಿಂತಿತು.

"ಹದಿನೇಳು. ಹತ್ತೊಂಬತ್ತು. ಟೀಚರಮ್ಮ..."

ಟೀಚರಮ್ಮ ಪೆನ್ಸಿಲನ್ನು ಕೆಳಗಿಟ್ಟು ಫೋನೆತ್ತಿದರು. ಕಂಪನಿಯ ಯಾರೋ ಒಬ್ಬ ಆಕಳಿಸುತ್ತ ಕೇಳಿಸಿಕೊಂಡ.

"ಹದಿನೆಂಟು ಇಲ್ವಾ? ಅಯ್ಯೋ, ಏನೋ ಒಂದು ಹಾಕ್ಕೊಳ್ಳಿ ಮೇಡಂ. ಅದನ್ನೆಲ್ಲ ಯಾರು ನೋಡ್ತಾರೆ?"

ಟೀಚರಮ್ಮ ಕುರ್ಚಿಯಿಂದ ಎದ್ದೇ ಬಿಟ್ಟರು. "ಏನೋ ಒಂದು ಹಾಕ್ಕೋಬೇಕಾ? ಏನ್ರೀ ಹಾಗಂದ್ರೆ? ಇವತ್ತು ನಾನು ಏನೋ ಒಂದು ಹಾಕಿದ್ರೆ, ನಾಳೆ ಅದನ್ನೇ ನಂಬಿಕೊಂಡು ಇನ್ನೊಬ್ಬ..."

ಮೇಲಿನ ಮಹಡಿಯಲ್ಲಿ ಮಷೀನಿನವರು ಕಿವಿಗೊಟ್ಟರು. ಹಾಫಿಜರು ಪಂಪಿನ ಪಟ್ಟಿಯನ್ನು ಮುಖಕ್ಕೆ ಅಡ್ಡ ಹಿಡಿದು, ಎಷ್ಟೋ ದಿನಗಳ ಮೇಲೆ ಮೊದಲ ಸಲ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.