ಇಪ್ಪತ್ತೇಳನೇ ಬಿಲ್ಲೆ

"ಸ್ವಲ್ಪ ಓರೆ ಮಾಡಿ, ಇಲ್ಲಾಂದ್ರೆ ತಿರುವಿನಲ್ಲಿ ಸಿಕ್ಕಿಹಾಕ್ಕೊಳ್ಳತ್ತೆ," ಎಂದ ಕೆಳಗಿನ ಅಂಗಡಿಯವನು.

ಮೂರನೇ ಮಹಡಿಯಿಂದ ಶವದ ಪೆಟ್ಟಿಗೆ ಇಳಿಯುತ್ತಿತ್ತು. ಒಳಗಿದ್ದವಳು ನಲವತ್ತು ವರ್ಷ ಅದೇ ಕಟ್ಟಡದಲ್ಲಿ ಬಟ್ಟೆ ಹೊಲಿದವಳು. ಅರ್ಧ ಬೀದಿಯ ಸೊಂಟದಳತೆ ಅವಳಿಗೆ ಬಾಯಿಪಾಠ. ಹೊರಲು ಸಿಕ್ಕವರು ಮಾತ್ರ ನಾಲ್ಕೇ ಜನ: ತಮ್ಮ, ಅಂಗಡಿಯವನು, ವ್ಯಾನಿನ ಡ್ರೈವರು ಮತ್ತು ಬೆಳಗಿನ ಬಸ್ಸಿಗೆ ಬಂದಿಳಿದಿದ್ದ, ಯಾರಿಗೂ ಗುರುತಿಲ್ಲದ ಒಬ್ಬ ನರೆಗೂದಲಿನವನು. ಹೊಲಿಗೆ ಮಿಷನ್ನಿನ ಮೇಲಿನ ಗೋಡೆಯಲ್ಲಿದ್ದ ನಂಬರಿಗೆ ಅಂಗಡಿಯವನು ಫೋನ್ ಮಾಡಿದ್ದನಂತೆ. ಬಂದವನು, ಹಡಗಿನಲ್ಲಿ ಬಾಗಿಲು ಕಾಯುವವನು ಎಂದಷ್ಟೇ ಹೇಳಿಕೊಂಡ.

ಹಡಗು ಅಂದದ್ದೇ ತಡ, ಹಿಂದೆ ಇಳಿಯುತ್ತಿದ್ದ ತಮ್ಮನ ಹೆಂಡತಿ ಶುರುಮಾಡಿದಳು. ಏಳು ವರ್ಷದ ಹಿಂದೆ, ಆ ವಯಸ್ಸಿನಲ್ಲಿ ಇವರು ಹಿಮದ ದ್ವೀಪ ನೋಡ್ತೀನಿ ಅಂತ ಒಂದು ಡಕೋಟಾ ಹಡಗು ಹತ್ತಿದ್ದು, ದ್ವೀಪದಲ್ಲೇ ಮೈಮರೆತು ಕೂತು ಅರವತ್ತು ಜನರ ಹಡಗನ್ನೇ ವಾಪಸ್ಸು ತಿರುಗಿಸಿದ್ದು, ಮನೆಯಲ್ಲಿ ವಾರಗಟ್ಟಲೆ ನಕ್ಕಿದ್ದು.

"ನಕ್ಕಿದ್ದು ಹಾಗಿರಲಿ, ಭಯಾನೂ ಆಯ್ತು," ಎಂದಳು. "ತನ್ನ ಜ್ಞಾನಾನೇ ತನಗಿಲ್ಲದವರ ಹತ್ತಿರ ನಮ್ಮ ಮೂರು ವರ್ಷದ ಮಗೂನ ಹೇಗೆ ಬಿಡೋದು? ಆಮೇಲೆ ಕಳಿಸಲೇ ಇಲ್ಲ."

ಬಾಗಿಲು ಕಾಯುವವನು ನಿಂತುಬಿಟ್ಟ. ಪೆಟ್ಟಿಗೆ ಗೋಡೆಗೆ ತಾಗಿತು. ಸತ್ತವಳು ಅವನಿಗೆ ವರ್ಷಕ್ಕೊಂದು ಕಾಗದ ಬರೆಯುತ್ತಿದ್ದಳು. ತಮ್ಮನ ಮಗು ಚೆನ್ನಾಗಿ ಬೆಳೀತಿದೆ ಎಂಬ ಸಾಲು ಎಲ್ಲದರಲ್ಲೂ ಇರುತ್ತಿತ್ತು.

*

ಆ ಹಡಗಿಗೆ ಆಗಲೇ ಐವತ್ತು ವರ್ಷ. ಬಾಗಿಲ ಪಕ್ಕದ ಹಲಗೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ನಂಬರಿನ ಬಿಲ್ಲೆ. ಇಳಿಯುವಾಗ ಕೆಂಪು ಮಗ್ಗುಲು, ಹತ್ತಿದಾಗ ಬಿಳಿ. ಅವರವರದ್ದನ್ನು ಅವರವರೇ ತಿರುಗಿಸಬೇಕು, ಬೇರೆಯವರು ಮುಟ್ಟುವಂತಿಲ್ಲ. ಹಲಗೆಯೆಲ್ಲ ಬಿಳಿಯಾದರೆ ಲಂಗರು ಎತ್ತುವುದು.

ಅವತ್ತು ದ್ವೀಪದಲ್ಲಿ ಗಾಳಿ ಎದ್ದಿತ್ತು. ದೋಣಿಯಿಂದ ಹತ್ತಿದವರನ್ನು ಬಾಗಿಲು ಕಾಯುವವನು ಅವಸರ ಅವಸರವಾಗಿ ಒಳಗೆ ಬಿಡುತ್ತಿದ್ದ. ಬೆನ್ನ ಮೇಲೆ ಇಪ್ಪತ್ತೇಳು ಎಂದಿದ್ದ, ಹೊಲಿಗೆಯವಳ ಕೋಟು ಕಣ್ಣೆದುರೇ ಒಳಗೆ ಹೋಯಿತು, ಬಿಲ್ಲೆ ಮಾತ್ರ ಕೆಂಪಗೇ ಇತ್ತು. ಪಾಪ, ಮರೆತಿದ್ದಾಳೆ ಎಂದು ತಾನೇ ತಿರುಗಿಸಿದ.

ಕೋಟಿನೊಳಗಿದ್ದವಳು ಬೇರೊಬ್ಬ ಮುದುಕಿ. ಅವಳು ನಡುಗುವುದನ್ನು ನೋಡಲಾರದೆ ಹೊಲಿಗೆಯವಳು ತನ್ನ ಕೋಟು ಹೊದಿಸಿ ಕಳಿಸಿ, ತಾನು ಮುಂದಿನ ದೋಣಿಗೆಂದು ಬಂಡೆಯ ಮರೆಯಲ್ಲಿ ಕೂತಿದ್ದಳು. ಕೊನೆಯ ದೋಣಿಯವರ ಕಣ್ಣಿಗೆ ಬೀಳಲಿಲ್ಲ. ಮುದುಕಿಯೋ, ಹೊಟ್ಟೆ ತೊಳಸಿ ಮಲಗಿಬಿಟ್ಟಿದ್ದಳು.

ಊಟಕ್ಕೆ ಮುದುಕಿಯ ಕುರ್ಚಿಯ ಜೊತೆ ಇನ್ನೊಂದೂ ಖಾಲಿ ಉಳಿಯಿತು. ಯಾರೂ ಕೇಳಲಿಲ್ಲ. ಒಬ್ಬಳೇ ಬಂದವಳನ್ನು ಕೇಳುವವರಾದರೂ ಯಾರು? ಹಡಗು ಹೊರಟು ನಾಲ್ಕು ಗಂಟೆಯಾದ ಮೇಲೆ, ದ್ವೀಪಕ್ಕೆಂದು ಕೊಟ್ಟಿದ್ದ ಬೂಟುಗಳನ್ನು ಜೋಡಿಸುವಾಗ ಒಂದು ಜೊತೆ ಕಡಿಮೆ ಬಂದದ್ದು ಕಂಡು, ಬಾಗಿಲು ಕಾಯುವವನು ಹಡಗು ತಿರುಗಿಸಿ ಎಂದು ಕ್ಯಾಪ್ಟನ್ನನ ಬಳಿ ಓಡಿದ.

ಸಿಕ್ಕಾಗ ಅವಳ ತುಟಿ ನೀಲಿಗಟ್ಟಿತ್ತು. ಕ್ಯಾಪ್ಟನ್ ವಿಚಾರಿಸಿದರೆ, ನಾನೇ ಬಿಲ್ಲೆ ತಿರುಗಿಸಿ, ಕೈಚೀಲ ಮರೆತೆ ಅಂತ ಮತ್ತೆ ಇಳಿದೆ, ಹೊತ್ತು ಹೋಗಿದ್ದೇ ತಿಳೀಲಿಲ್ಲ ಎಂದಳು. ಆಮೇಲೆ ಇವನಿಗೆ ಮಾತ್ರ ಮೆಲ್ಲಗೆ ಹೇಳಿದಳು.

"ನಿನ್ನ ಕೆಲಸ ಹೋದ್ರೆ ಮತ್ತೆ ಬರಲ್ಲ. ನಮ್ಮ ಮನೇಲೇನು, ನಾಲ್ಕು ದಿನ ನಕ್ಕು ಸುಮ್ಮನಾಗ್ತಾರೆ."

*

ಪೆಟ್ಟಿಗೆಯನ್ನು ಎರಡನೇ ಮಹಡಿಯಲ್ಲಿ ಇಳಿಸಲು ಹೇಳಿ, ಬಾಗಿಲು ಕಾಯುವವನು ಒಂದನ್ನೂ ಬಿಡದೆ ಹೇಳಿದ. ಹೇಳುವಾಗ ತಮ್ಮನ ಮುಖ ನೋಡುವ ಧೈರ್ಯ ಬರಲಿಲ್ಲ.

"ಮುಟ್ಟಿದ್ದು ನಾನು. ಅವರಿಗೆ ಮರೆವು ಇರಲಿಲ್ಲ."

ತಮ್ಮ ಬೈಯಲಿಲ್ಲ. ಮೆಟ್ಟಿಲ ಮೇಲೆ ಕೂತು, ಏಳು ವರ್ಷದಲ್ಲಿ ಒಂದು ಮಾತು ಹೇಳಬಾರದಿತ್ತಾ ಅಕ್ಕ ಎಂದು ಪೆಟ್ಟಿಗೆಯನ್ನೇ ಕೇಳಿದ.

"ನಾವು ಕೇಳಲೇ ಇಲ್ವಲ್ಲ," ಎಂದಳು ಹೆಂಡತಿ.

ತಮ್ಮನ ಹುಡುಗಿ ಕೆಳಗೆ ವ್ಯಾನಿನಲ್ಲೇ ಕೂತಿದ್ದಳು. ಈಗ ಅವಳಿಗೆ ಹತ್ತು. ಪೆಟ್ಟಿಗೆ ಒಳಗೆ ಬಂದು, ಎಲ್ಲರೂ ಅಕ್ಕಪಕ್ಕ ಕೂತಮೇಲೆ ಅಪ್ಪನನ್ನು ಕೇಳಿದಳು.

"ಅತ್ತೆ ಹೇಗಿದ್ರು?"

ವರ್ಷಕ್ಕೆರಡು ಸಲ ಅಕ್ಕನ ಬಾಗಿಲಲ್ಲೇ ನಿಂತು ಹೋಗುತ್ತಿದ್ದ ಅಪ್ಪ ಏನಂತ ಹೇಳುವುದು? ಹೆಂಡತಿಯ ಕಡೆ ನೋಡಿದ. ಕೊನೆಗೆ, ಅಕ್ಕನನ್ನು ಹಡಗಿನಲ್ಲಿ ಬರೀ ಹನ್ನೊಂದು ದಿನ ಕಂಡಿದ್ದವನ ಕಡೆ ನೋಡಿದ.

ಹುಡುಗಿ ಎದ್ದು ಅವನ ಪಕ್ಕಕ್ಕೆ ಹೋಗಿ ಕೂತಳು. ವ್ಯಾನು ಹೊರಟಿತು. ಅವನು ಮೊದಲನೇ ದಿನದಿಂದ ಶುರುಮಾಡಿ, ಸಣ್ಣ ದನಿಯಲ್ಲಿ ಹೇಳತೊಡಗಿದ. ಇಂಜಿನ್ನಿನ ಸದ್ದಿನಲ್ಲಿ ಸರಿಯಾಗಿ ಕೇಳಿಸದೆ, ತಮ್ಮ ಅಕ್ಕನ ಪೆಟ್ಟಿಗೆಯ ಮೇಲೆ ಬಾಗಿ, ಕಿವಿಗೆ ಕೈ ಅಡ್ಡ ಹಿಡಿದು ಕೇಳುತ್ತಿದ್ದ.