ಮನೆತನದ ಕಾರ್ಡು

ಅವಳ ಗಂಡನ ಅಂತ್ಯಕ್ರಿಯೆಗೆ ಬಂದ ನೆಂಟರೆಲ್ಲ ಚದುರಿದ ಮೇಲಿನ ಮೊದಲ ಮಾಮೂಲು ಬೆಳಗು. ಹಾಲು ಬಂತು, ಕಸದ ಗಾಡಿ ಬಂತು, ಅದರ ಬೆನ್ನಿಗೇ ಭಾವನವರೂ ಬಂದರು.

ಭಾವ ಎಂದರೆ ಗಂಡನ ಅಣ್ಣ. ಬ್ಯಾಂಕಿನ ಕೌಂಟರಿನ ಹಿಂದೆ ಮೂವತ್ತು ವರ್ಷ ಕೂತು ನಿವೃತ್ತರಾದವರು. ಗಡಿ ದಾಟಿದ್ದು ಜೀವಮಾನದಲ್ಲಿ ಒಂದೇ ಸಲ, ನಾಲ್ಕು ದಿನದ ಪ್ಯಾಕೇಜ್ ಪ್ರವಾಸದಲ್ಲಿ. ಆ ನಾಲ್ಕು ದಿನದಲ್ಲೇ ಪರದೇಶದ ಎಟಿಎಂ ಶಾಸ್ತ್ರವನ್ನು ಅರೆದು ಕುಡಿದು ಬಂದಿದ್ದರು.

ಹಳೆಯ ನೌಕರಿಯ ದೆಸೆಯಿಂದ ಅವರ ಬಳಿ ಒಂದು ಕಾರ್ಡಿತ್ತು. ಹೊರದೇಶದಲ್ಲಿ ಹಣ ತೆಗೆದರೂ ಬ್ಯಾಂಕು ಅದಕ್ಕೆ ಶುಲ್ಕ ಹಾಕುತ್ತಿರಲಿಲ್ಲ. ಮನೆತನದಲ್ಲಿ ಯಾರೇ ವಿಮಾನ ಹತ್ತಲಿ, ಮೊದಲು ಆ ಕಾರ್ಡನ್ನು ಎರವಲು ತರಬೇಕು. ಅದರ ಪಿನ್ ನಂಬರು ಮಕ್ಕಳು ಮರಿಗೆಲ್ಲ ಬಾಯಿಪಾಠ. ಹಿಂತಿರುಗಿದ ಮೇಲೆ ತೆಗೆದಷ್ಟನ್ನು ತುಂಬಿಕೊಟ್ಟು, ಯಂತ್ರ ಉಗುಳಿದ ಚೀಟಿಗಳನ್ನು ಭಾವನ ಮುಂದೆ ಹರಡಿ, ಎಲ್ಲಿ ನಿಂತೆ, ಏನು ಒತ್ತಿದೆ ಎಂದು ವರದಿ ಒಪ್ಪಿಸಬೇಕು. ಪಾಸಾದವರಿಗೆ ಟೀ.

ಪರೀಕ್ಷೆಯ ಮುಖ್ಯ ಪ್ರಶ್ನೆ ಒಂದೇ. ಹಣ ಕೊಡುವ ಮುನ್ನ ಅಲ್ಲಿಯ ಯಂತ್ರ ಕೇಳುತ್ತದೆ: ಲೆಕ್ಕವನ್ನು ನಿಮ್ಮ ದೇಶದ ಹಣದಲ್ಲಿ ಹಿಡಿಯಲೋ, ಈ ದೇಶದ ಹಣದಲ್ಲೋ?

"ನಮ್ಮದನ್ನೇ ಒತ್ತಬೇಕು," ಎನ್ನುತ್ತಿದ್ದರು ಭಾವ. "ಗುರುತಿಲ್ಲದ ಊರಲ್ಲಿ ನಮ್ಮ ದುಡ್ಡಿನ ಹೆಸರು ಕಂಡ್ರೆ ನಮ್ಮವರೇ ಕಂಡ ಹಾಗಲ್ವೇನ್ರೋ!"

ಟೋಪಿ ಹಾಕುವವರು ನಮ್ಮವರೆಂದೇ ಹೇಳಿಕೊಂಡು ಬರುತ್ತಾರೆ ಎಂಬುದು ಮೂವತ್ತು ವರ್ಷದ ನೌಕರಿಯಲ್ಲಿ ಅವರಿಗೆ ಹೊಳೆದಿರಲಿಲ್ಲ. ನಮ್ಮದನ್ನು ಒತ್ತಿದರೆ ಯಂತ್ರದವನು ತನಗೆ ತೋಚಿದ ದರ ಹಾಕಿ ಚರ್ಮ ಸುಲಿಯುತ್ತಾನೆ. ಅಲ್ಲಿಯದನ್ನು ಒತ್ತಿದರೆ ನಮ್ಮ ಬ್ಯಾಂಕಿನ ದರ ಬೀಳುತ್ತದೆ. ಅದು ಎಷ್ಟೋ ವಾಸಿ. ಶುಲ್ಕ ಉಳಿಸಲು ಹೋಗಿ ಅದರ ಎರಡರಷ್ಟನ್ನು ಇಡೀ ಮನೆತನ ಹತ್ತು ವರ್ಷದಿಂದ ಪರದೇಶದ ಗೋಡೆಯ ಯಂತ್ರಗಳಿಗೆ ಸುರಿದು, ಬಂದು ಟೀ ಕುಡಿದಿತ್ತು.

ಈಗ ಆ ಕಾರ್ಡು ಅವಳ ಡ್ರಾಯರಿನಲ್ಲಿತ್ತು. ಇನ್ನು ಹನ್ನೆರಡು ದಿನಕ್ಕೆ ಅವಳೂ ಗಂಡನೂ ಹೊರಡಬೇಕಿತ್ತು. ಬೇರೆ ದೇಶದ ಗ್ರಂಥಾಲಯವೊಂದರಲ್ಲಿ ಹಳೆಯ ಭೂಪಟಗಳ ಮೇಲೆ ಅವಳಿಗೆ ಮೂರು ತಿಂಗಳ ಕೆಲಸ. ಅವನು ಒಂದು ವಾರ ಜೊತೆಗಿದ್ದು ಬರುವವನು. ಕಾರ್ಡು ತಂದಿಟ್ಟ ಮೂರನೆಯ ದಿನ ಆಫೀಸಿನ ಕುರ್ಚಿಯಲ್ಲಿ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ.

"ಟಿಕೆಟ್ ರದ್ದು ಮಾಡ್ಸಿದ್ಯಾ?" ಭಾವ ಕೂರುವ ಮೊದಲೇ ಕೇಳಿದರು.

"ಅವರದ್ದು ಮಾಡಿಸ್ದೆ."

"ನಿಂದು?"

"ನಂದು ಇದೆ ಭಾವ. ಹೋಗ್ತೀನಿ."

ಭಾವನ ಜೊತೆ ಬಂದು ನೇರ ಅಡುಗೆಮನೆ ಹೊಕ್ಕಿದ್ದ ಓರಗಿತ್ತಿ ಪಾತ್ರೆ ತೊಳೆಯಲು ನಿಂತಿದ್ದಳು. ನಲ್ಲಿಯ ಸದ್ದು ನಿಂತಿತು.

"ಒಬ್ಳೇನಾ? ಓದಿದವಳು ನೀನು, ಜನ ಏನಂತಾರೆ ಅನ್ನೋದು ಬಿಡು. ಅಲ್ಲಿ ಕೈಗೆ ದುಡ್ಡು ಹೇಗೆ ಬರುತ್ತಮ್ಮಾ? ಹೆಣ್ಣೊಬ್ಬಳು ರಸ್ತೇಲಿ ಯಂತ್ರದ ಮುಂದೆ ನಿಂತು ನೋಟು ತೆಗೀತಾಳಾ? ಕಾರ್ಡು ನಂದು. ಕೊಡಲ್ಲ ಅಂದ್ರೆ ಏನ್ಮಾಡ್ತೀಯ?"

ಸಾವನ್ನು ತಡೆಯಲಾಗದ ಮನುಷ್ಯ ಪ್ಲಾಸ್ಟಿಕ್ ತುಂಡೊಂದನ್ನು ಅಡ್ಡ ಹಿಡಿದು ವಿಮಾನ ನಿಲ್ಲಿಸಲು ಹೊರಟಿದ್ದರು.

"ಅಲ್ರೀ," ಓರಗಿತ್ತಿ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದಳು, "ನಿಮ್ಮ ಕೋಳಿ ಕೂಗಿದ್ರೇನೇ ಬೆಳಗಾಗೋದಾ?"

"ನೀನು ಸುಮ್ನಿರು."

"ನನ್ನ ಕಾರ್ಡು ಅಲ್ಲೂ ನಡೆಯುತ್ತೆ ಭಾವ. ನಿನ್ನೆ ಬ್ಯಾಂಕಿಗೆ ಫೋನ್ ಮಾಡಿ ಸರಿ ಮಾಡ್ಸಿದೀನಿ."

"ಶುಲ್ಕ ಹಾಕ್ತಾರೆ!"

"ಹಾಕ್ಲಿ. ಅಲ್ಲಿಯ ದುಡ್ಡು ಅಂತ ಒತ್ತಿದ್ರೆ ನಿಮ್ಮ ಕಾರ್ಡಲ್ಲಿ ನಮ್ಮದನ್ನ ಒತ್ತೋದಕ್ಕಿಂತ ಕಮ್ಮಿನೇ ಬೀಳುತ್ತೆ."

ಭಾವ ನಕ್ಕರು. "ಮೂವತ್ತು ವರ್ಷ ನೋಟು ಎಣಿಸಿದವನಿಗೆ ಪಾಠನಾ?"

"ಪಾಠ ಅಲ್ಲ. ನಿಮ್ಮ ಹತ್ರ ಇರೋ ಚೀಟಿಗಳಲ್ಲೇ ಇದೆ, ಕೆಳಗೆ ಸಣ್ಣ ಅಕ್ಷರದಲ್ಲಿ. ದರದ ಮೇಲೆ ನೂರಕ್ಕೆ ಹತ್ತು ಅಂತ."

ಭಾವ ಚೀಟಿಗಳನ್ನು ಜೋಡಿಸಿಡುತ್ತಿದ್ದರು, ಓದುತ್ತಿರಲಿಲ್ಲ.

"ಇದೆ ಕಣ್ರೀ," ಎಂದಳು ಓರಗಿತ್ತಿ. "ನಾನು ಓದಿದೀನಿ."

"ಮತ್ತೆ ಬಾಯಿಬಿಟ್ಟು ಹೇಳೋಕೇನಾಗಿತ್ತು?"

"ಕೇಳೋ ಕಿವಿ ಎಲ್ಲಿತ್ತು?"

ಭಾವ ಹೆಂಡತಿಯನ್ನು ನೋಡಿದರು, ನೆಲ ನೋಡಿದರು. ಆಮೇಲೆ, ದನಿ ಇಳಿಸಿ: "ಅವನೂ ನಮ್ಮದನ್ನೇ ಒತ್ತುತ್ತಿದ್ನಾ?"

ಹೋದ ವರ್ಷ, ಯಾವುದೋ ರೈಲು ನಿಲ್ದಾಣದ ಗೋಡೆಯ ಯಂತ್ರದೆದುರು ಅವಳು ಗಂಡನಿಗೆ ಮೊಣಕೈಯಿಂದ ತಿವಿದು, ಅಲ್ಲಿಯ ದುಡ್ಡಿನದನ್ನು ಒತ್ತಿ ಎಂದಿದ್ದಳು. ಅವನು ನಮ್ಮದನ್ನೇ ಒತ್ತಿ ನಕ್ಕಿದ್ದ. "ಚೀಟೀಲಿ ಗೊತ್ತಾಗ್ಬಿಡುತ್ತೆ ಕಣೇ. ಅಣ್ಣನ ಮರ್ಯಾದೆಗೆ ಶುಲ್ಕ ಅಂದ್ಕೋ." ಹೇಡಿ ಎಂದು ಬೈದಿದ್ದಳು. ಸತ್ತನೆಂದು ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಅವಳಿಗೆ ಈಗಲೂ ಮನಸ್ಸಿರಲಿಲ್ಲ.

"ಪ್ರತಿ ಸಲ," ಎಂದಳು.

"ನಷ್ಟ ಅಂತ ಗೊತ್ತಿತ್ತಾ ಅವನಿಗೆ?"

"ಗೊತ್ತಿತ್ತು."

 

ಅವಳು ಒಳಗೆ ಹೋಗಿ ಡ್ರಾಯರಿನಿಂದ ಕಾರ್ಡು ತಂದಳು.

"ತಗೊಳ್ಳಿ ಭಾವ. ಇದನ್ನ ಕೇಳಿ ತಂದಿದ್ದು ಅವರು, ನಾನಲ್ಲ."

ಕೈ ಚಾಚಲು ಭಾವನಿಗೆ ತುಸು ಹೊತ್ತು ಹಿಡಿಯಿತು. ಚಾಚುವ ತನಕ ಅವಳು ಹಿಡಿದುಕೊಂಡೇ ನಿಂತಿದ್ದಳು.